ಛಾಪಿಸಿದ ಮಾತು, ಹುಲಿಗೆವ್ವನ ಮೆಣಸಿನ ಗಿಡ

ಈಚೆಗೆ ತೋಟಗಾರಿಕೆ ಓದಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಹಿತ್ತಲಲ್ಲಿ, ಕುಂಡದಲ್ಲಿ ನಾಲ್ಕು ಗಿಡ ಬೆಳೆಸುವವರಿಗೆ ಸಲಹೆ ಕೊಡುವ ವಿಭಾಗಕ್ಕೆ ಅವಳನ್ನು ಹಾಕಿದ್ದಾರಂತೆ. ರೈತರ ವಿಭಾಗ ಸಿಗಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ. ರೈತ ನಮ್ಮ ಮಾತು ಕೇಳಿ ತಲೆಯಾಡಿಸಿ, ಮನೆಗೆ ಹೋಗಿ ತನಗೆ ಸರಿ ಕಂಡದ್ದನ್ನು ಮಾಡುತ್ತಾನೆ. ಕುಂಡದವರು ಹಾಗಲ್ಲ. ನಾವು ಹೇಳಿದ್ದನ್ನು ಅಕ್ಷರಶಃ ಮಾಡಿಬಿಡುತ್ತಾರೆ. ಅಪಾಯ ಇರುವುದೇ ಅಲ್ಲಿ.

ನಾನು ಬಿಜಾಪುರದ ಕಡೆಯವಳು. ಧಾರವಾಡದಲ್ಲಿ ಕೃಷಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಗೋವೆಗೆ ಬಂದೆ. ಎಂಬತ್ತರ ದಶಕದ ಆರಂಭದಲ್ಲಿ ಮಡಗಾಂವದ ಒಂದು ಸಲಹಾ ಕೇಂದ್ರದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಕೇಂದ್ರದ ಹೆಸರು ಬೇಡ. ಈಗ ಅದು ಇಲ್ಲ. ಇದ್ದಾಗಲೂ ಇದೆಯೆಂದು ಬಹಳ ಮಂದಿಗೆ ಗೊತ್ತಿರಲಿಲ್ಲ. ಹಳೆಯ ಹೆಂಚಿನ ಮನೆಯೊಂದರ ಎರಡು ಕೋಣೆ, ಮುಂದೆ ಕಲ್ಲಿನ ಆಸನಗಳಿದ್ದ ಜಗಲಿ, ಹಿಂದೆ ಸ್ವಲ್ಪ ಹಿತ್ತಲು. ಮನೆಯಲ್ಲಿ ಗಿಡ ಬೆಳೆಸುವವರು ಬಂದು ಪ್ರಶ್ನೆ ಕೇಳುವುದು, ನಾವು ಉತ್ತರ ಹುಡುಕಿ ಕೊಡುವುದು. ಊರಲ್ಲಿ ಕನ್ನಡದ ದುಡಿಯುವ ಜನ ತುಂಬಿದ್ದರಿಂದ ಕನ್ನಡ ಬಲ್ಲವರೊಬ್ಬರು ಬೇಕಾಗಿತ್ತು.

ನಮ್ಮ ಜ್ಞಾನವೆಲ್ಲ ಒಂದು ಕಬ್ಬಿಣದ ಕಪಾಟಿನಲ್ಲಿತ್ತು. ಅದರ ಪುಸ್ತಕಗಳಲ್ಲಿ ಅರ್ಧ ಹಿಮ ಬೀಳುವ ಊರುಗಳಲ್ಲಿ ಬರೆದವು. ಉಳಿದರ್ಧ ಅವುಗಳನ್ನು ನೋಡಿ ಬರೆದವು. ಕಪಾಟಿನ ಬೀಗದಕೈ ಕೆಂಕ್ರೆ ಸಾಹೇಬರ ಸೊಂಟದಲ್ಲಿರುತ್ತಿತ್ತು. ಸಾಹೇಬರು ತೆಳ್ಳಗಿನ, ಪ್ರಾಮಾಣಿಕ ಮನುಷ್ಯ. ತಮ್ಮ ಮಾತಿನಿಂದ ಯಾರ ಗಿಡವೂ ಸಾಯಬಾರದೆಂಬ ಭಯ ಅವರಿಗೆ ವಿಪರೀತ. ಹಾಗಾಗಿ ತಮ್ಮ ಮಾತನ್ನು ಆಡುತ್ತಲೇ ಇರಲಿಲ್ಲ. ಯಾರು ಏನು ಹೇಳಿದರೂ “ಆಧಾರ?” ಎಂದು ಕೇಳುವರು. ಆಧಾರವೆಂದರೆ ಛಾಪಿಸಿದ್ದು. ಕಣ್ಣೆದುರು ಗಿಡ ಹೂಬಿಟ್ಟು ನಿಂತಿದ್ದರೂ ಅದು ಹೂಬಿಡುತ್ತದೆಂದು ಛಾಪಿಸಿರಬೇಕು.

ನಾನು ಸೇರಿದ ವರ್ಷವೇ ಗೋವೆಯ ಸಾಂಖಳಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹೂಕೋಸಿನ ಪುಸ್ತಿಕೆ ಒಯ್ದಿದ್ದರು. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಸಸಿಗೆ ಹುಲ್ಲು ಹೊದಿಸಬೇಕೆಂದು ಅದರಲ್ಲಿತ್ತು. ಅವರು ಡಿಸೆಂಬರ್ ಪೂರ್ತಿ ಸಾಂಖಳಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವುದನ್ನು ಕಾದರು. ಹೆಪ್ಪುಗಟ್ಟಲಿಲ್ಲ. ಪುಸ್ತಕದವರು ಸುಮ್ಮನೆ ಬರೆದಿರಲಾರರು ಎಂದು ಯಾವುದಕ್ಕೂ ಇರಲಿ ಅಂತ ಹುಲ್ಲು ಹೊದಿಸಿಯೇಬಿಟ್ಟರು. ಹುಲ್ಲಿಗೆ ಗೆದ್ದಲು ಬಂತು. ಗೆದ್ದಲು ಹುಲ್ಲು ಮುಗಿಸಿ ಬಾಗಿಲ ಚೌಕಟ್ಟು ಹಿಡಿಯಿತು. ಹೂಕೋಸು ಏಳಲಿಲ್ಲ, ಗೆದ್ದಲು ಮಾತ್ರ ಬಹಳ ಚೆನ್ನಾಗಿ ಬಂದಿದೆ ಎಂದು ಅವರು ಸೌಜನ್ಯದಿಂದಲೇ ಹೇಳಿದರು. ಸಾಹೇಬರು ಹೂಕೋಸಿನ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇದರಲ್ಲಿ ಗೆದ್ದಲಿನ ಪ್ರಸ್ತಾಪ ಇಲ್ಲವೆಂದರು. ಆಮೇಲೆ ಕಪಾಟು ತೆರೆದು ಗೆದ್ದಲಿನ ಪುಸ್ತಿಕೆ ಕೊಟ್ಟು ಕಳಿಸಿದರು.

ಅದನ್ನು ನೆನೆದು ನಾನು ಬಹಳ ದಿನ ನಕ್ಕೆ. ಹುಲಿಗೆವ್ವ ಬಂದ ದಿನ ನಗು ನಿಂತಿತು.

ಹುಲಿಗೆವ್ವ ಮೋತಿ ಡೊಂಗರಿನವಳು. ಮಡಗಾಂವದ ಆ ಗುಡ್ಡದ ಮೈಗೆ ಮನೆಯ ಮೇಲೆ ಮನೆ ಅಂಟಿಕೊಂಡಿವೆ. ಅವಳು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಹಳೆಯ ಎಣ್ಣೆ ಡಬ್ಬಿಗಳಲ್ಲಿ ಮೆಣಸಿನ ಗಿಡ ಹಾಕಿದ್ದಳು. ನಮ್ಮ ಮುಖ್ಯ ಕಚೇರಿ ದೂರದ ಊರಿನಲ್ಲಿತ್ತು. ಅಲ್ಲಿಂದ ಕನ್ನಡದಲ್ಲಿ ಒಂದು ಕರಪತ್ರ ಬಂದಿತ್ತು. ನಾನು ಅದನ್ನು ಗುಡ್ಡದ ಮೇಲೆಲ್ಲ ಹಂಚಿ ಬಂದಿದ್ದೆ. ಹುಲಿಗೆವ್ವನಿಗೆ ಓದು ಬಾರದು. ಪಕ್ಕದ ಮನೆಯವನ ಕೈಲಿ ಓದಿಸಿದ್ದಾಳೆ. ಒಂದು ದಿನ ಬೆಳಿಗ್ಗೆ ನಮ್ಮ ಜಗಲಿಗೆ ಬಂದು, ಸುಟ್ಟಂತೆ ಕಪ್ಪಾದ ಒಂದು ಮೆಣಸಿನ ಗಿಡವನ್ನು ಡಬ್ಬಿ ಸಮೇತ ಇಳಿಸಿದಳು.

“ಬಾಯಾರ, ಬರದಂಗ ಹಾಕೇನ್ರಿ,” ಎಂದಳು. “ಕಿರಾಣಿ ಅಂಗಡ್ಯಾಗ ತೂಗಿಸಿ ಹಾಕೇನಿ. ಒಂದ ಕಾಳ ಹೆಚ್ಚಿಲ್ಲ, ಒಂದ ಕಾಳ ಕಮ್ಮಿಲ್ಲ.”

ಕರಪತ್ರ ತೆಗೆದು ನೋಡಿದೆ. ಪ್ರತಿ ಕುಂಡಕ್ಕೆ ಒಂದು ಚಟಾಕು ಯೂರಿಯಾ ಎಂದಿತ್ತು. ಬರೆದ ಪುಣ್ಯಾತ್ಮರು ಚಿಟಿಕೆ ಎಂದು ಬರೆದಿರಬೇಕು. ಅಕ್ಷರ ಜೋಡಿಸುವವರ ಕೈಯಲ್ಲಿ ಚಿಟಿಕೆ ಹೋಗಿ ಚಟಾಕು ಆಗಿತ್ತು. ಹೊಸ ಕಾಲದವರಿಗೆ ಗೊತ್ತಿರಲಾರದು, ಚಟಾಕು ಹಳೆಯ ತೂಕ. ಹಿಡಿ ತುಂಬ ಬರುತ್ತದೆ. ಅಷ್ಟು ಯೂರಿಯಾ ಸುರಿದರೆ ಡಬ್ಬಿಯಲ್ಲಿರುವ ಮೆಣಸಿನ ಗಿಡವಲ್ಲ, ಆಲದ ಮರದ ಸಸಿಯೂ ಉಳಿಯುವುದಿಲ್ಲ.

ಹುಲಿಗೆವ್ವ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಚೀಟಿ ತೋರಿಸಿದಳು. “ನಮ್ಮವ್ವ ತಗದಿಟ್ಟ ಬೀಜ್ರಿ ಇವು. ಅವ್ವ ಹೋದ್ಲು. ಊರಾಗ ಈಗ ಎಲ್ಲಾರೂ ಅಂಗಡಿ ಬೀಜಾನ ಹಾಕ್ತಾರ. ಉಳದದ್ದು ಇಷ್ಟ. ನೀವು ಖಾತ್ರಿಲೆ ಹೇಳೂತನಾ ನಾ ಮಣ್ಣಿಗೆ ಹಾಕಂಗಿಲ್ಲ. ನೀವ ಹೇಳಬೇಕು ಮತ್ತ, ಹಾಳಿ ಕೊಡಬ್ಯಾಡ್ರಿ.”

ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದಳು.

ಸಾಹೇಬರು ನಿಜಕ್ಕೂ ನೊಂದುಕೊಂಡರು. ಅವತ್ತೇ ಮುಖ್ಯ ಕಚೇರಿಗೆ ಬರೆದರು. ತಿದ್ದುಪಡಿ ಬರುವ ಹೊತ್ತಿಗೆ ಮಳೆಗಾಲ ಬಂದು ಹೋಗಿತ್ತು. ಬಂದದ್ದರಲ್ಲಿ “ಬದನೆ ಎಂದಿರುವ ಕಡೆಯಲ್ಲೆಲ್ಲ ಬದನೆಕಾಯಿ ಎಂದು ಓದಿಕೊಳ್ಳತಕ್ಕದ್ದು” ಎಂದಿತ್ತು. ಚಟಾಕು ಇದ್ದಲ್ಲೇ ಇತ್ತು.

ಖಾತ್ರಿಯ ಮಾತು ಎಲ್ಲಿ ಸಿಗುತ್ತದೆಂದು ನಾನೇ ಹುಡುಕಲು ಹೊರಟೆ. ಮಾರುಕಟ್ಟೆಯ ಬೀಜದಂಗಡಿಯವನು ಏನು ಕೇಳಿದರೂ ಹಿಂದೆ ತಿರುಗಿ ಒಂದೇ ಬಾಟಲಿ ತೆಗೆಯುತ್ತಿದ್ದ. ಎಲೆ ಮುದುಡಿದರೆ ಅದೇ, ಹೂ ಉದುರಿದರೆ ಅದೇ. ಗಿಡ ಇನ್ನೂ ಹಾಕಿಲ್ಲ ಎಂದರೆ ಮೊದಲೇ ತೆಗೆದಿಟ್ಟುಕೊಳ್ಳಿ ಎಂದ. ರೇಡಿಯೊದ ರೈತರ ಕಾರ್ಯಕ್ರಮಕ್ಕೆ ಪತ್ರ ಹಾಕಿದೆ. ಉತ್ತರ ಬಂತು, ಒಳ್ಳೆಯ ಉತ್ತರವೇ, ಆದರೆ ಎಲ್ಲ ಎಕರೆ ಲೆಕ್ಕದಲ್ಲಿ. ಎಕರೆಗೆ ಅಷ್ಟು ಗಾಡಿ ಗೊಬ್ಬರ ಎಂದರೆ ಎಣ್ಣೆ ಡಬ್ಬಿಗೆ ಎಷ್ಟು ಎಂದು ಭಾಗಿಸುತ್ತ ಕುಳಿತೆ. ಕೊನೆಗೆ ಗಾಡಿಯ ಚಕ್ರಕ್ಕೆ ಅಂಟಿದಷ್ಟು ಎಂದು ಬಂತು.

ಇಷ್ಟೆಲ್ಲ ಅಲೆದ ಮೇಲೆ ನನ್ನ ಕಣ್ಣು ಕಚೇರಿಯ ಹಿತ್ತಲ ಗೋಡೆಯ ಆಚೆ ಬಿತ್ತು. ಅಲ್ಲಿ ರೋಜಾಲಿನಾ ಬಾಯಿಯ ಮನೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಬಾಯಿ ಜೋರು. ಅವರ ಮೆಣಸಿನ ಗಿಡಗಳು ಗೋಡೆ ಹತ್ತಿ ನಮ್ಮ ಕಡೆ ಇಣುಕುತ್ತಿದ್ದವು. ಇಷ್ಟು ವರ್ಷ ನಾವು ಅವುಗಳಿಗೆ ಬೆನ್ನು ಹಾಕಿ ಕುಳಿತು ಮೆಣಸಿನ ಪುಸ್ತಕ ಓದುತ್ತಿದ್ದೆವು.

ಬಾಯಿ ನನ್ನನ್ನು ಮೊದಲು ಅರ್ಧ ತಾಸು ಬೈದರು, ಇಷ್ಟು ದಿನ ಕೇಳಲಿಲ್ಲವೆಂದು. ಆಮೇಲೆ ಕೊಂಕಣಿಯಲ್ಲಿ ಎಲ್ಲ ಹೇಳಿದರು. ಕುಂಡದ ತಳಕ್ಕೆ ತೆಂಗಿನ ಸಿಪ್ಪೆ ಹಾಸಬೇಕು. ಮಳೆಯಲ್ಲಿ ಬೇರು ಕೊಳೆಯುವುದಿಲ್ಲ. ಕುಂಡವನ್ನು ಒಡೆದ ಹೆಂಚಿನ ಮೇಲೆ ಕೂರಿಸಬೇಕು. ಮೀನು ತೊಳೆದ ನೀರನ್ನು ಬುಡಕ್ಕೆ ಹಾಕಬೇಕು, ತಾಜಾ ಮೀನಿನದು ಮಾತ್ರ. ಉಪ್ಪು ಹಾಕಿದ ಒಣ ಮೀನಿನದು ಕೂಡದು. ಇದೇ ಉಸಿರಿನಲ್ಲಿ, ಕಾಯಿ ಬಿಡದ ನಿಂಬೆ ಗಿಡದ ಮುಂದೆ ಕೊಯ್ತಾ, ಅಂದರೆ ಕತ್ತಿ, ಹಿಡಿದು ನಿಂತು “ಈ ವರ್ಷ ಬಿಡದಿದ್ದರೆ ಕಡಿದುಬಿಡುತ್ತೇನೆ” ಎಂದು ಹೆದರಿಸಬೇಕೆಂದೂ ಹೇಳಿದರು. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ? ಮಾಡಿ ನೋಡದೆ ಗತಿಯಿರಲಿಲ್ಲ.

ಹೀಗೆ ಹಣೆಗೆ ವಿಭೂತಿ ಹಚ್ಚಿದ, ಹುಟ್ಟಿದಾರಭ್ಯ ಮೀನು ಮುಟ್ಟದ ನಾನು ಬಕೆಟ್ ಹಿಡಿದು ಮಡಗಾಂವದ ಮೀನು ಮಾರುಕಟ್ಟೆಗೆ ಹೋದೆ. ಮೀನು ಬೇಡ, ತೊಳೆದ ನೀರು ಕೊಡಿ ಎಂದೆ. ಮೀನು ಮಾರುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ನೀರು ಸುರಿದುಕೊಟ್ಟು, ಪಾಪ ಹರಕೆ ಇರಬೇಕೆಂದು ಪಕ್ಕದವಳಿಗೆ ಹೇಳಿದಳು. ಮರುದಿನದಿಂದ ಅವರೆಲ್ಲ ನನ್ನನ್ನು ಭಕ್ತಿಯಿಂದಲೇ ಕಾಣತೊಡಗಿದರು.

ಕಚೇರಿಯ ಹಿತ್ತಲಲ್ಲಿ ಅಂಗಡಿ ಬೀಜದ ಸಸಿಗಳನ್ನು ಡಬ್ಬಿಗಳಲ್ಲಿ ಇಟ್ಟೆ. ಕೆಲವಕ್ಕೆ ಬರೀ ನೀರು, ಕೆಲವಕ್ಕೆ ತಾಜಾ ಮೀನಿನ ನೀರು, ಕೆಲವಕ್ಕೆ ಒಣ ಮೀನಿನ ನೀರು. ಊರಿನ ಬೆಕ್ಕುಗಳೆಲ್ಲ ಕೇಂದ್ರದ ಸದಸ್ಯರಾದವು. ಮನೆಯಲ್ಲಿ ಅತ್ತೆಯವರು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು ಏನು ವಾಸನೆ ಎಂದು ಕೇಳಿದರು. ಪರೀಕ್ಷೆ ಮಾಡುತ್ತಿದ್ದೇನೆ ಎಂದೆ.

“ಯಾವ ಸಾಲಿ ಹುಡುಗೂರವಾ ಅವು, ಹಿಂಗ ನಾರೋವು?” ಎಂದರು.

ತಾಜಾ ಮೀನಿನ ನೀರು ಕುಡಿದ ಗಿಡಗಳು ಸೊಂಪಾಗಿ ಬೆಳೆದವು. ಒಣ ಮೀನಿನವು ಅಂಚು ಸುಟ್ಟುಕೊಂಡು ಸತ್ತವು. ಸಾಹೇಬರಿಗೆ ಬಂದು ನೋಡಿರೆಂದೆ. ಅವರು ವಾಸನೆಗೆ ಹಿತ್ತಲ ಬಾಗಿಲು ದಾಟಲಿಲ್ಲ. ಕರವಸ್ತ್ರದ ಒಳಗಿನಿಂದಲೇ “ಆಧಾರ?” ಎಂದರು.

ಆಧಾರ ಬೇಕು ತಾನೇ, ಮಾಡಿಸಿದರಾಯಿತು ಎಂದುಕೊಂಡೆ. ನಡೆದುದೆಲ್ಲವನ್ನೂ ಒಂದು ಪತ್ರವಾಗಿ ಬರೆದು ಕನ್ನಡದ ಕೃಷಿ ಮಾಸಪತ್ರಿಕೆಯೊಂದಕ್ಕೆ ಕಳಿಸಿದೆ. ಮದುವೆಗೆ ಮೊದಲಿನ ತವರಿನ ಹೆಸರು ಹಾಕಿದೆ. ಪತ್ರಿಕೆಯವರು ಪತ್ರವನ್ನು ಚೆಂದದ ಚೌಕಟ್ಟು ಕಟ್ಟಿ ಛಾಪಿಸಿದರು. ಅದನ್ನು ಸಾಹೇಬರ ಮೇಜಿನ ಮೇಲಿಟ್ಟು, ಅವರಿಗೆ ಕನ್ನಡ ಬಾರದ್ದರಿಂದ ಮರಾಠಿಯಲ್ಲಿ ಅರ್ಥ ಹೇಳಿದೆ. ಅವರ ಮುಖ ಅರಳಿತು. ಕೊನೆಗೂ ಆಧಾರ ಸಿಕ್ಕಿತಲ್ಲ ಎಂದರು. ಈ ಬಾಯಿ ಯಾರೋ ಬಹಳ ಬುದ್ಧಿವಂತೆ, ಇಂಥವರೊಬ್ಬರು ನಮ್ಮ ಕೇಂದ್ರದಲ್ಲಿ ಇರಬೇಕಾಗಿತ್ತು ಎಂದೂ ಹೇಳಿದರು. ನಾನು ಹೌದು ಸಾಹೇಬರೇ, ನಮಗೆ ಆ ಭಾಗ್ಯ ಇಲ್ಲ ಎಂದೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಾಹೇಬರು ಅದನ್ನು ಇಂಗ್ಲಿಷಿಗೆ ಮಾಡಿಸಿ ಮುಖ್ಯ ಕಚೇರಿಗೆ ಕಳಿಸಿದರು. ಅಲ್ಲಿ ಒಬ್ಬರು ಅದನ್ನು ಶುದ್ಧಗೊಳಿಸಿದರು, ಇನ್ನೊಬ್ಬರು ವಿಸ್ತರಿಸಿದರು. ಕೆಲವು ತಿಂಗಳ ಮೇಲೆ ಅದು ಮತ್ತೆ ಕನ್ನಡವಾಗಿ ಕಟ್ಟುಕಟ್ಟಾಗಿ ನಮ್ಮ ಜಗಲಿಗೆ ಬಂದಿಳಿಯಿತು. “ಮೀನು (ತಾಜಾ ಅಥವಾ ಒಣಗಿದ) ತೊಳೆದ ನೀರು ಮೆಣಸಿನ ಗಿಡಕ್ಕೆ ಅತ್ಯುತ್ತಮ” ಎಂದಿತ್ತು. ಬೇಡವೆಂದದ್ದನ್ನು ಯಾರೋ ಉದಾರಿ ಸೇರಿಸಿಕೊಟ್ಟಿದ್ದರು. ಗುಡ್ಡದ ಮೇಲಿನ ಮನೆಗಳಲ್ಲಿ ತಾಜಾ ಮೀನು ಅಪರೂಪ, ಒಣ ಮೀನೇ ಹೆಚ್ಚು. ಇದನ್ನು ಹಂಚಿದರೆ ಹುಲಿಗೆವ್ವನ ನೆರೆಹೊರೆಯಲ್ಲಿ ಒಂದು ಡಬ್ಬಿಯೂ ಹಸಿರಾಗಿ ಉಳಿಯುವುದಿಲ್ಲ.

ಹಂಚಲಾರೆ ಎಂದೆ. ಸಾಹೇಬರು ಆದೇಶವನ್ನೂ ಆಧಾರವನ್ನೂ ಎರಡು ಕೈಯಲ್ಲಿ ತೋರಿಸಿದರು. ಹಾಗಾದರೆ ಹಂಚುವ ಮೊದಲು ಕಚೇರಿಯ ಒಂದು ಗಿಡದ ಮೇಲೆ ಇದರಂತೆಯೇ ಮಾಡಿ ನೋಡಲು ಅನುಮತಿ ಕೊಡಿ ಎಂದು ಕೇಳಿದೆ. ಅದರಲ್ಲಿ ಅವರಿಗೆ ತಪ್ಪು ಕಾಣಲಿಲ್ಲ. ಸಹಿ ಮಾಡಿದರು. ಯಾವ ಗಿಡ ಎಂದು ಕೇಳಲಿಲ್ಲ.

ಜಗಲಿಯ ಮೇಲೆ ಒಂದೇ ಒಂದು ಕುಂಡವಿತ್ತು, ಸಾಹೇಬರ ಅಬೋಲಿ. ನಮ್ಮ ಕಡೆ ಅಬ್ಬಲಿಗೆ ಎನ್ನುತ್ತೇವೆ. ದಿನಾ ಬೆಳಿಗ್ಗೆ ತಾವೇ ನೀರೆರೆದು, ಶುಕ್ರವಾರ ಹೂ ಕಿತ್ತು ಹೆಂಡತಿಗೆ ಒಯ್ಯುತ್ತಿದ್ದರು. ನಾನು ಒಣ ಬಂಗಡೆ ತೊಳೆದ ನೀರನ್ನು ಅದರ ಬುಡಕ್ಕೆ ಸುರಿಯುವಾಗ ಅವರು ಬಾಗಿಲಲ್ಲಿ ಬಂದು ನಿಂತರು. ಕರಪತ್ರದಲ್ಲಿ ಮೆಣಸು ಎಂದಿದೆ ಎಂದರು. ಮೆಣಸಿನ ಗಿಡಕ್ಕೆ ಅತ್ಯುತ್ತಮವಾದದ್ದು ಅಬೋಲಿಗೆ ಕೆಟ್ಟದ್ದೆಂದು ಎಲ್ಲಿಯೂ ಬರೆದಿಲ್ಲ ಎಂದೆ. ಈಗಲಾದರೂ ಬೇಡ ಎನ್ನಬಹುದೆಂದು ಕಾದೆ.

ಸಾಹೇಬರು ಹತ್ತಿರ ಬಂದು ಗಿಡದ ಒಂದು ಎಲೆ ಮುಟ್ಟಿ ನೋಡಿದರು. ಆಮೇಲೆ ತಮ್ಮ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: “ಶುರು ಮಾಡಿದ್ದೀರಿ. ಮುಗಿಸಿ. ಜನರ ಗಿಡಕ್ಕೆ ಆಗಬಹುದಾದದ್ದು ನನ್ನ ಗಿಡಕ್ಕೂ ಆಗಲಿ.”

ಆ ಮಾತಿಗೆ ನನ್ನ ತುಂಟತನ ಅರ್ಧ ಇಳಿದುಹೋಯಿತು. ಆದರೂ ದಿನಾ ಹಾಕಿದೆ. ಎಲೆಯ ಅಂಚು ಕಂದಿತು, ಮೊಗ್ಗು ಉದುರಿತು, ಮುಂದಿನ ಶುಕ್ರವಾರದ ಹೊತ್ತಿಗೆ ಗಿಡ ಕಡ್ಡಿಯಾಗಿತ್ತು. ಸಾಹೇಬರು ಹೂವಿಲ್ಲದ ಕೈಯಲ್ಲಿ ಮನೆಗೆ ಹೋದರು. ಸೋಮವಾರ ಬಂದವರೇ ಕರಪತ್ರದ ಕಟ್ಟುಗಳನ್ನೆಲ್ಲ ಕಪಾಟಿನೊಳಗೆ ಹಾಕಿ ಬೀಗ ಜಡಿದರು. ಮುಖ್ಯ ಕಚೇರಿಗೆ ಎರಡೇ ಸಾಲು ಬರೆದರು: ನಿಮ್ಮ ಸಲಹೆಯನ್ನು ಮಾಡಿ ನೋಡಿದೆವು, ಗಿಡ ಸತ್ತಿತು.

ಆಮೇಲೆ ನನ್ನನ್ನು ಕೂರಿಸಿಕೊಂಡು, ಇನ್ನು ನಮ್ಮ ಕರಪತ್ರ ನಾವೇ ಮಾಡೋಣ ಎಂದರು. ಯಾರು ಬೆಳೆಸಿದರು, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಏನು ಕೆಟ್ಟಿತು, ಎಲ್ಲ ಹೆಸರು ಸಮೇತ ಇರಲಿ. ಕಂಡದ್ದನ್ನು ಕಂಡ ಹಾಗೆ ಬರೆಯೋಣ. ಇಷ್ಟು ಹೇಳಿ, ಕನ್ನಡಕ ಒರೆಸುತ್ತ, ಆ ಮಾಸಪತ್ರಿಕೆಗೆ ಬರೆಯುವ ಬುದ್ಧಿವಂತ ಬಾಯಿಗೂ ತಿಳಿಸಿಬಿಡಿ, ಮುಂದಿನ ಸಲ ಗಂಡನ ಮನೆಯ ಹೆಸರನ್ನೇ ಹಾಕಲಿ ಎಂದರು. ನಾನು ನೆಲ ನೋಡಿದೆ. ಅವರು ನಗಲಿಲ್ಲ, ಆದರೆ ಕನ್ನಡಕ ಒರೆಸುವುದು ಬಹಳ ಹೊತ್ತು ನಡೆಯಿತು.

ಮೋತಿ ಡೊಂಗರಿಗೆ ಹೋಗಿ ಹುಲಿಗೆವ್ವನಿಗೆ ಎಲ್ಲ ಹೇಳಿದೆ. ಅವಳು ನಮ್ಮ ಹಿತ್ತಲಿಗೆ ಬಂದು, ಗಿಡಗಳನ್ನು ಮುಟ್ಟಿ, ಮಣ್ಣು ಮೂಸಿ, ಸತ್ತ ಅಬೋಲಿಯನ್ನೂ ಕೇಳಿ ತರಿಸಿಕೊಂಡು ನೋಡಿದಳು. ಆಮೇಲೆ ಸೆರಗಿನ ಬೀಜದಲ್ಲಿ ಅರ್ಧ ಮಾತ್ರ ಬಿಚ್ಚಿದಳು. ಅವಳ ಕಟ್ಟೆಯ ಮೇಲೆ ಎರಡು ಸಾಲು ಡಬ್ಬಿಗಳಲ್ಲಿ ಮೊಳಕೆ ಬಂತು. ಈಗ ಇನ್ನೊಂದು ತಕರಾರು ಎದ್ದಿತು. ದೃಷ್ಟಿಯಾಗದಂತೆ ಗಿಡಕ್ಕೆ ಹಳೆಯ ಚಪ್ಪಲಿ ಕಟ್ಟಬೇಕೆಂದು ಅವಳ ಹಟ. ಒಂದು ಸಾಲಿಗೆ ಕಟ್ಟು, ಇನ್ನೊಂದನ್ನು ಹಾಗೇ ಬಿಡು, ನೋಡಿಯೇಬಿಡೋಣ ಎಂದೆ. ಒಳಗೊಳಗೇ ನಗುತ್ತಿದ್ದೆ.

ಚಪ್ಪಲಿಯ ಸಾಲೇ ಹೆಚ್ಚು ಕಾಯಿ ಬಿಟ್ಟಿತು.

ಕೆಂಪು, ಉದ್ದನೆಯ ಕಾಯಿಗಳು. ಹುಲಿಗೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಸಗೆಯ ಬಿಸಿಲಿಗೆ ಚಪ್ಪಲಿ ಬುಡಕ್ಕೆ ನೆರಳಾಗಿರಬಹುದು, ಆ ಸಾಲಿಗೆ ಗಾಳಿ ಚೆನ್ನಾಗಿ ಬಂದಿರಬಹುದು ಎಂದೇನೋ ಹೇಳಿದೆ. ನನಗೇ ಅದು ಕಪಾಟಿನ ಪುಸ್ತಕದ ಧಾಟಿಯಂತೆ ಕೇಳಿಸಿತು. ಸಾಹೇಬರಿಗೆ ಹೇಳಿದರೆ ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಆದರೆ ಮಾತು ಕೊಟ್ಟವರು ಅವರೇ. ಕೊನೆಗೆ ನಮ್ಮ ಮೊದಲ ಕರಪತ್ರದಲ್ಲಿ ಸಿಪ್ಪೆ, ಹೆಂಚು, ಮೀನಿನ ನೀರು ಎಲ್ಲದರ ಕೆಳಗೆ ಹೀಗೆ ಅಚ್ಚಾಯಿತು: “ಚಪ್ಪಲಿ ಕಟ್ಟಿದ ಗಿಡಗಳು ಹೆಚ್ಚು ಕಾಯಿ ಕೊಟ್ಟವು. ಕಾರಣ ತಿಳಿದಿಲ್ಲ. ಮುಂದಿನ ವರ್ಷ ಮತ್ತೆ ನೋಡುತ್ತೇವೆ. ಬೆಳೆಸಿದವರು: ಹುಲಿಗೆವ್ವ, ಮೋತಿ ಡೊಂಗರ್.”

ನಮ್ಮ ಯಾವ ಕರಪತ್ರವೂ ಅಷ್ಟು ಓಡಿರಲಿಲ್ಲ. ಕುಂಕಳ್ಳಿಯ ಕಾರ್ಖಾನೆಯ ಕೆಲಸಗಾರರೂ ಬಸ್ಸು ಹತ್ತಿ ಬಂದು ಒಯ್ದರು. ಮಡಗಾಂವದ ಚಪ್ಪಲಿ ಹೊಲಿಯುವವರ ಹತ್ತಿರ ಹರಿದ ಚಪ್ಪಲಿ ಸಿಗದಂತಾಯಿತು. ಮುಖ್ಯ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ರೋಜಾಲಿನಾ ಬಾಯಿ ಗೋಡೆಯ ಆಚೆಯಿಂದ, ತನ್ನ ಕೊಯ್ತಾದ ಮಾತನ್ನು ಯಾಕೆ ಛಾಪಿಸಲಿಲ್ಲವೆಂದು ಜಗಳ ತೆಗೆದರು. ಹುಲಿಗೆವ್ವ ಗುಡ್ಡದ ಮೇಲೆ ದೊಡ್ಡ ಮನುಷ್ಯಳಾದಳು. ಕೆಲಸದಿಂದ ಬರುವ ಹೊತ್ತಿಗೆ ಯಾರಾದರೊಬ್ಬರು ಸೊರಗಿದ ಡಬ್ಬಿ ಹಿಡಿದು ಅವಳ ಬಾಗಿಲಲ್ಲಿ ಕಾದಿರುತ್ತಿದ್ದರು.

ಮರುವರ್ಷ ಅವಳು ಬರುವುದನ್ನೇ ನಾನು ಹೆದರಿಕೊಂಡು ಕಾದಿದ್ದೆ. ಬಂದಳು. ಈ ಸಲ ಎರಡು ಡಬ್ಬಿ, ಎರಡು ಕಂಕುಳಲ್ಲಿ. ಚಪ್ಪಲಿ ಕಟ್ಟದ ಗಿಡ ಕಾಯಿ ತೂಗುತ್ತಿತ್ತು. ಚಪ್ಪಲಿ ಕಟ್ಟಿದ್ದು ಎಲೆ ಮುದುಡಿಕೊಂಡು ಬೋಳಾಗಿತ್ತು. ಆ ಸಾಲು ಪೂರ್ತಿ ಹಾಗೇ ಆಗಿದೆ ಎಂದಳು. ಇದನ್ನೂ ಕರಪತ್ರಕ್ಕೆ ಹಾಕಿಸಲು ಬಂದಿದ್ದಳು.

ಬೇಕಾದರೆ ಅವಳ ಹೆಸರು ತೆಗೆದು ಹಾಕುತ್ತೇವೆ, ಗುಡ್ಡದ ಮೇಲೆ ಮಂದಿ ನಕ್ಕಾರು ಎಂದೆ.

“ನಕ್ರ ನಗಲಿ ಬಾಯಾರ,” ಎಂದಳು. “ಗೆದ್ದಾಗ ಹೆಸರ ಹಾಕ್ಕೊಂಡು ಸೋತಾಗ ಅಳಿಸಿದ್ರ, ನಾಳೆ ನನ್ನ ಮಾತಿಗೆ ಯಾರ ಬೀಜ ಹಾಕ್ತಾರ್ರಿ?”

ಸಾಹೇಬರಿಗೆ ಆ ಮಾತು ಅರ್ಥವಾಗಿರಲಿಲ್ಲ. ನಾನು ಮರಾಠಿಯಲ್ಲಿ ಹೇಳಿದೆ. ಅವರು ಎದ್ದು ತಮ್ಮ ಕುರ್ಚಿಯನ್ನೇ ಮೇಜಿನ ಈಚೆಗೆ ತಂದು ಅವಳನ್ನು ಕೂರಿಸಿದರು, ಚಹಾ ಹೇಳಿದರು. ನಾನು ಅಲ್ಲೇ ಕುಳಿತು ಹೊಸ ಸಾಲು ಬರೆದು, ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ: “ಈ ವರ್ಷ ಚಪ್ಪಲಿ ಕಟ್ಟಿದ ಗಿಡಗಳಲ್ಲಿ ಕಾಯಿ ಕಡಿಮೆ ಬಂತು.”

ಹುಲಿಗೆವ್ವ ಬಸಿಯಲ್ಲಿದ್ದ ಚಹಾ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಕಮ್ಮಿ ಅಲ್ರಿ,” ಎಂದಳು. “ಬರಲೇ ಇಲ್ಲ. ಹಂಗಽ ಬರೀರಿ.”